ಉಧ್ನಾದ ಶೆಡ್ಡಿನಿಂದ ಹಾರಿದ ಆಕಾಶನೌಕೆ

ನಮ್ಮ ಭಾವ ಲಕ್ಷ್ಮೀನಾರಾಯಣ ಅವರ ಬಗ್ಗೆ ತಣ್ಣಗೆ ಬರೆಯಬೇಕೆಂದು ಎರಡು ಸಲ ಕೂತೆ. ಆಗಲಿಲ್ಲ. ಎರಡು ಸಲವೂ ಮೊದಲ ಪುಟದಲ್ಲೇ ಬೈಗುಳ ಬಂತು. ಇದು ಮೂರನೆಯದು. ಇದರಲ್ಲೂ ಬರುತ್ತದೆ. ಬರಲಿ.

ಭಾವ ತಿಪಟೂರು ಕಡೆಯವರು. ಸುಲೋಚನಕ್ಕ ನನ್ನ ದೊಡ್ಡಮ್ಮನ ಮಗಳು. ಎಪ್ಪತ್ತೊಂದರಲ್ಲಿ ಮದುವೆಯಾಗಿ ಇಬ್ಬರೂ ವಡೋದರಾಕ್ಕೆ ಬಂದರು. ಅಲ್ಲಿ ಕೇಂದ್ರ ಸರ್ಕಾರದ ಒಂದು ಇಲಾಖೆಯ ವರ್ಕ್‌ಶಾಪಿನಲ್ಲಿ ಭಾವ ಮೀಟರ್ ರಿಪೇರಿ ಮೆಕ್ಯಾನಿಕ್. ಇಲಾಖೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಮಿಕ್ಕ ಇಲಾಖೆಗಳೆಲ್ಲ ‘ಸದ್ಯ, ನಾವಲ್ಲ’ ಎಂದು ಹಾಯಾಗಿ ಮಲಗುತ್ತವೆ. ಅವು ಮಲಗುವುದು ನನಗೆ ಬೇಡ.

ಎಂಥ ಮನುಷ್ಯ ಎಂದರೆ, ಅವರ ಶರ್ಟಿನ ಜೇಬಿನಲ್ಲಿ ಎರಡು ಪೆನ್ಸಿಲ್ ಇರುತ್ತಿದ್ದವು. ಒಂದು ಆಫೀಸಿನದು, ಒಂದು ಸ್ವಂತದ್ದು. ಮನೆಯ ಸಾಮಾನಿನ ಪಟ್ಟಿಯನ್ನು ಆಫೀಸಿನ ಪೆನ್ಸಿಲಿನಲ್ಲಿ ಬರೆದವರಲ್ಲ. ಒಮ್ಮೆ ನಾನು ಗೊತ್ತಿಲ್ಲದೆ ಆ ಪೆನ್ಸಿಲ್ ತೆಗೆದುಕೊಂಡು ಊರಿಗೆ ಕಾಗದ ಬರೆದೆ. ‘ಅದು ನಮ್ಮದಲ್ಲಪ್ಪ’ ಎಂದು ನನ್ನ ಕೈಯಿಂದ ತೆಗೆದು, ಮೊನೆ ಎಷ್ಟು ಸವೆದಿದೆ ಎಂದು ಬೆಳಕಿಗೆ ಹಿಡಿದು ನೋಡಿದರು. ಆಗ ಅದನ್ನು ಮೆಚ್ಚಿಕೊಂಡೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಇಂಥವರು ಎಪ್ಪತ್ಮೂರರ ಮೇ ತಿಂಗಳಲ್ಲಿ ಹನ್ನೊಂದು ದಿನ ರಜೆ ಹಾಕಿ ಒಂದು ಆಕಾಶನೌಕೆ ಕಟ್ಟಿದರು.

ನಗಬೇಡಿ. ಸೂರತ್ತಿನ ಉಧ್ನಾದಲ್ಲಿ ಮುಚ್ಚಿಹೋದ ಒಂದು ನೇಯ್ಗೆ ಶೆಡ್ ಇತ್ತು. ಅಲ್ಲಿ ‘ಶುಕ್ರ ನಗರಿ’ ಎಂಬ ಸಿನಿಮಾ ತೆಗೆದರು. ಶುಕ್ರಗ್ರಹಕ್ಕೆ ಹೋಗುವ ನಾಲ್ಕು ಜನರ ಕಥೆ. ಅದರ ಕಲಾ ನಿರ್ದೇಶಕ ರಸಿಕ್‌ಲಾಲ್ ಎಂಬ ಬೋರ್ಡ್ ಬರೆಯುವ ಪೇಂಟರ್. ಗ್ರಹ, ನಕ್ಷತ್ರ ಎಲ್ಲ ಆತನೇ ಪರದೆಯ ಮೇಲೆ ಬರೆದ. ನೌಕೆಯ ಒಳಗಿನ ಯಂತ್ರಗಳನ್ನು ಮಾತ್ರ ಬಣ್ಣದಲ್ಲಿ ಬರೆದರೆ ಮಕ್ಕಳೂ ನಂಬುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಯಾರೋ ಭಾವನ ಹೆಸರು ಹೇಳಿದರು. ಭಾವ ವರ್ಕ್‌ಶಾಪಿನ ಗುಜರಿಯಲ್ಲಿ ಬಿದ್ದಿದ್ದ ನಲವತ್ತೆರಡು ಹಳೆಯ ವೋಲ್ಟ್‌ಮೀಟರು, ಆಮ್ಮೀಟರುಗಳನ್ನು ಸ್ಟೋರ್‌ಕೀಪರನ ಬಾಯಿಮಾತಿನ ಒಪ್ಪಿಗೆಯ ಮೇಲೆ ಒಯ್ದರು. ಮರಳಿ ತಂದು, ನಲವತ್ತೆರಡನ್ನೂ ಎಣಿಸಿ ಒಪ್ಪಿಸಿ, ಪಟ್ಟಿಗೆ ಸಹಿ ಹಾಕಿಸಿಕೊಂಡರು. ಗುಜರಿಗೆ ಗುಜರಿಯನ್ನು ವಾಪಸು ಕೊಟ್ಟು ಸಹಿ ಹಾಕಿಸಿಕೊಂಡ ಮನುಷ್ಯ ಇಡೀ ಗುಜರಾತಿನಲ್ಲಿ ಇನ್ನೊಬ್ಬ ಇರಲಾರ.

ಮೀಟರುಗಳನ್ನು ಪ್ಲೈವುಡ್ ಹಲಗೆಗೆ ಕೂರಿಸಿ ಬೆಳ್ಳಿ ಬಣ್ಣ ಹೊಡೆದರು. ಮುಳ್ಳುಗಳು ಆಡಬೇಕಲ್ಲ? ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಗೆ ರಟ್ಟು ಸುತ್ತಿ, ಅದರ ಮೇಲೆ ಅಲ್ಲಲ್ಲಿ ಹಿತ್ತಾಳೆ ಪಟ್ಟಿ ಅಂಟಿಸಿ, ಹಿಡಿಕೆ ಹಾಕಿದರು. ಹಿಡಿಕೆ ತಿರುಗಿಸಿದರೆ ಒಂದೊಂದು ಪಟ್ಟಿ ಒಂದೊಂದು ತಂತಿಗೆ ತಾಕುತ್ತದೆ, ಬ್ಯಾಟರಿಯಿಂದ ಕರೆಂಟು ಹರಿದು ಆಯಾ ಮೀಟರಿನ ಮುಳ್ಳು ಎದ್ದು ಬೀಳುತ್ತದೆ. ಭಾವ ಹಲಗೆಯ ಕೆಳಗೆ, ತಗಡಿನ ಮಾಡಿನ ಕಾವಿನಲ್ಲಿ, ಅಂಗಾತ ಮಲಗಿ ತಿರುಗಿಸುತ್ತಿದ್ದರು. ಮೇಲೆ ಕ್ಯಾಪ್ಟನ್ ವೇಷದವನು ಯಾವ ಗುಂಡಿ ಒತ್ತಿದ ಎಂದು ಕಾಣುತ್ತಿರಲಿಲ್ಲ. ಅದಕ್ಕೆ ಭಾವನ ಕಾಲಿನ ಹೆಬ್ಬೆರಳಿಗೆ ದಾರ, ಅದರ ಇನ್ನೊಂದು ತುದಿ ಕ್ಯಾಪ್ಟನ್ ಕೈಯಲ್ಲಿ. ಒಂದು ಸಲ ಎಳೆದರೆ ನಿಧಾನ, ಎರಡು ಸಲ ಎಳೆದರೆ ಅಪಾಯ.

ನೌಕೆ ನೆಲ ಬಿಟ್ಟೇಳುವ ದೃಶ್ಯಕ್ಕೆ ಇಡೀ ಕ್ಯಾಬಿನ್ ನಡುಗಬೇಕಿತ್ತು. ಪಕ್ಕದ ಶೆಡ್ಡಿನಲ್ಲಿ ನೂರಿಪ್ಪತ್ತು ಪವರ್‌ಲೂಮ್. ಅವು ಓಡುವಾಗ ಈ ಶೆಡ್ಡಿನ ನೆಲವೂ ಗಡಗಡ ಎನ್ನುತ್ತಿತ್ತು. ಅಲ್ಲಿಯವರೆಗೆ ಅದೇ ದೊಡ್ಡ ತಲೆನೋವಾಗಿ, ಮಗ್ಗಗಳ ರಜೆಯ ದಿನ ನೋಡಿಕೊಂಡು ಚಿತ್ರೀಕರಣ ಮಾಡುತ್ತಿದ್ದರು. ಭಾವ ಹೇಳಿದರಂತೆ: ‘ರಸಿಕ್‌ಭಾಯಿ, ಹಾರೋ ದೃಶ್ಯ ಮಾತ್ರ ಮಗ್ಗ ಓಡೋ ದಿನ ಇಟ್ಕೊಳ್ಳಿ.’ ಹಾಗೇ ಮಾಡಿದರು. ಮೀಟರಿನ ಮುಳ್ಳು, ಕ್ಯಾಪ್ಟನ್ ಕೈ, ಗಾಜಿನ ಲೋಟದ ನೀರು, ಎಲ್ಲ ನಡುಗಿದವು. ಆ ದೃಶ್ಯವನ್ನು ಈಗ ನೋಡಿದರೂ ಎದೆ ಝಲ್ ಎನ್ನುತ್ತದೆ. ಶುಕ್ರನ ಕಡೆಗೆ ಆ ನೌಕೆ ಎದ್ದದ್ದು ಉಧ್ನಾದ ಸೀರೆ ಮಗ್ಗಗಳ ಬಲದಿಂದ. ಪರದೆಯ ಮೇಲೆ ಭಾವನ ಹೆಸರು ಬರಲಿಲ್ಲ. ಅವರು ಕೇಳಲೂ ಇಲ್ಲ.

ಇಪ್ಪತ್ನಾಲ್ಕು ವರ್ಷ ಯಾರಿಗೂ ಇದು ಬೇಕಾಗಿರಲಿಲ್ಲ. ತೊಂಬತ್ತೇಳರ ಆಗಸ್ಟಿನಲ್ಲಿ ನಮಿತಾ ಎಂಬ ಹುಡುಗಿ ಅಹಮದಾಬಾದಿನಿಂದ ಬಂದಳು. ತಂದೆ ಬ್ಯಾಂಕಿನಲ್ಲಿ ವರ್ಗವಾಗಿ ಬಂದು ಅಲ್ಲೇ ನೆಲೆಸಿದ ಕನ್ನಡದವರು. ಅವಳು ಒಂದು ಖಾಸಗಿ ಚಾನೆಲ್ಲಿಗೆ ‘ಶುಕ್ರ ನಗರಿ’ ಹೇಗೆ ತಯಾರಾಯಿತು ಎಂಬ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ರಸಿಕ್‌ಲಾಲ್ ತೀರಿಕೊಂಡು ವರ್ಷಗಳಾಗಿದ್ದವು. ಕ್ಯಾಬಿನ್ ಕಟ್ಟಿದ ‘ಬರೋಡಾದ ಒಬ್ಬ ಮದ್ರಾಸಿ’ಯನ್ನು ಹುಡುಕಿಕೊಂಡು ಬಂದಿದ್ದಳು.

‘ಅಂಕಲ್, ನಾನು ಕನ್ನಡ ಬರುತ್ತೆ, ಪಣ್ ಥೋಡಾ ಥೋಡಾ’ ಎಂದಳು ಬಾಗಿಲಲ್ಲೇ, ‘ಆದರೆ ಸ್ವಲ್ಪ ಸ್ವಲ್ಪ’ ಎನ್ನುವಷ್ಟನ್ನು ಗುಜರಾತಿಯಲ್ಲಿ.

‘ಬಾಮ್ಮ, ನಮ್ಮನೇಲಿ ಇವರಿಗೆ ಪೂರ್ತಿ ಬರುತ್ತೆ, ಆಡೋದೇ ಥೋಡಾ’ ಎಂದಳು ಸುಲೋಚನಕ್ಕ.

ನಮಿತಾ ಒಂದು ವಿಡಿಯೊ ಕ್ಯಾಸೆಟ್ ತಂದಿದ್ದಳು. ಹೊರದೇಶದ ಹಳೆಯ ವೈಜ್ಞಾನಿಕ ಚಿತ್ರವೊಂದನ್ನು ಮಾಡಿದ ಬಗೆ. ಅದರಲ್ಲಿ ಕನ್ನಡಕದ ಒಬ್ಬ ಮುದುಕ, ಕೈಯಲ್ಲಿ ಪುಟ್ಟ ನೌಕೆಯ ಮಾದರಿ, ಇದರ ಹೊಟ್ಟೆಗೆ ಆಟಿಕೆ ಟ್ಯಾಂಕಿನ ಚಕ್ರ ಅಂಟಿಸಿದ್ದೇನೆ ನೋಡಿ ಎಂದು ತೋರಿಸುತ್ತಿದ್ದ. ಅವನ ಎದೆಯ ಮಟ್ಟದಲ್ಲಿ ಅವನ ಹೆಸರು, ಅದರ ಕೆಳಗೆ ಅವನ ಕೆಲಸ. ಭಾವ ಅಷ್ಟು ಭಾಗವನ್ನು ಹಿಂದಕ್ಕೆ ತಿರುಗಿಸಿ ಮೂರು ಸಲ ನೋಡಿದರು.

‘ನೋಡೇ, ಇವನೂ ಮೆಕ್ಯಾನಿಕ್ಕೇ’ ಎಂದರು ಹೆಂಡತಿಗೆ. ‘ಹೆಸರು ಹಾಕಿದಾರೆ.’

ಅವರು ಜೀವನದಲ್ಲಿ ಆಸೆಪಟ್ಟು ಬಾಯಿಬಿಟ್ಟದ್ದು ಅದೊಂದೇ. ಬಡ್ತಿ ಕೇಳಿದವರಲ್ಲ, ದೊಡ್ಡ ಕ್ವಾರ್ಟರ್ಸ್ ಕೇಳಿದವರಲ್ಲ. ಕ್ಯಾಮೆರಾದ ಮುಂದೆ ಕೂತು, ‘ಇದನ್ನು ನಾನು ಮಾಡಿದೆ’ ಎಂದು ತಮ್ಮ ಬಾಯಿಂದ ಒಂದು ಸಲ ಹೇಳಬೇಕು, ಎದೆಯ ಮಟ್ಟದಲ್ಲಿ ಹೆಸರು ಬರಬೇಕು. ಇಷ್ಟೇ. ಇಷ್ಟಕ್ಕೆ ನಮ್ಮ ದೇಶದಲ್ಲಿ ಏನೇನು ಬೇಕು ನೋಡಿ.

ಅವತ್ತೇ ಕ್ಯಾಮೆರಾ ತಂದಿದ್ದರೆ ಮುಗಿಯುತ್ತಿತ್ತು. ನಮಿತಾ ಎಲ್ಲ ಕೇಳಿ, ಬರೆದುಕೊಂಡು, ಸೆಪ್ಟೆಂಬರಿನಲ್ಲಿ ಬರುತ್ತೇನೆಂದಳು. ತಿಂಗಳ ಕೊನೆಗೆ ಚಾನೆಲ್ಲಿಗೆ ಒಪ್ಪಿಸಬೇಕಿತ್ತು. ಭಾವ ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡಿ, ಬೆಳಗ್ಗೆ ಎದ್ದು, ಸ್ವಂತದ ಪೆನ್ನಿನಲ್ಲಿ ಇಲಾಖೆಗೆ ಒಂದು ಅರ್ಜಿ ಬರೆದರು: ಟಿವಿ ಕಾರ್ಯಕ್ರಮವೊಂದರಲ್ಲಿ ಮಾತನಾಡಲು ಅನುಮತಿ ಕೋರಿ.

ಡಿಸೆಂಬರ್ ಮೂವತ್ತೊಂದಕ್ಕೆ ಅವರ ನಿವೃತ್ತಿ. ಅಲ್ಲಿಯವರೆಗೆ ಸರ್ಕಾರಿ ನೌಕರ. ಸರ್ಕಾರಿ ನೌಕರ ಕೇಳದೆ ಮಾತಾಡಬಾರದು.

ನಾನು ಉಧ್ನಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ವಿಷಯ ತಿಳಿದು ಫೋನಿನಲ್ಲೇ ಕೂಗಾಡಿದೆ. ‘ಭಾವ, ಸಿನಿಮಾ ಬಗ್ಗೆ ಮಾತಾಡೋಕೆ ಯಾರು ಅನುಮತಿ ಕೇಳ್ತಾರೆ? ನಿಮ್ಮ ಆಫೀಸಿನಲ್ಲಿ ಟಿವಿಲಿ ಹಾಡಿದವರು ಇದ್ದಾರಲ್ಲ, ಅವರು ಕೇಳಿದ್ರಾ?’

‘ಅವರು ಕೇಳಲಿಲ್ಲ. ಅದು ಅವರಿಗೆ ಬಿಟ್ಟದ್ದು.’

‘ನೀವೂ ಕೇಳದೆ ಇದ್ದಿದ್ರೆ?’

‘ಏನೂ ಆಗ್ತಿರಲಿಲ್ಲ’ ಎಂದರು ಶಾಂತವಾಗಿ. ‘ಆದ್ರೆ ಕೇಳಿಬಿಟ್ಟಿದ್ದೀನಲ್ಲ. ಇನ್ನು ಉತ್ತರ ಬರೋವರೆಗೆ ಹೇಗಪ್ಪಾ ಮಾತಾಡೋದು?’

ನಾನು ಫೋನ್ ಇಟ್ಟುಬಿಟ್ಟೆ. ಕೇಳಿದ ತಪ್ಪಿಗೆ ಬಾಯಿ ಕಟ್ಟಿತು. ಕೇಳದವರು ದೇಶದ ತುಂಬ ಹಾಡುತ್ತಿದ್ದಾರೆ.

ಮೊದಲ ಉತ್ತರ ಹತ್ತನೇ ದಿನಕ್ಕೆ ಬಂತು. ಏನು ಮಾತನಾಡುತ್ತೀರಿ ಎಂಬುದನ್ನು ಮೂರು ಪ್ರತಿಗಳಲ್ಲಿ ಕೊಡಿ. ಕೊಟ್ಟರು. ಎರಡನೆಯದು: ನೌಕರನಾಗಿ ಮಾತನಾಡುತ್ತೀರೋ, ಖಾಸಗಿ ವ್ಯಕ್ತಿಯಾಗಿಯೋ? ಖಾಸಗಿ ವ್ಯಕ್ತಿಯಾಗಿ ಎಂದರು. ಹಾಗಿದ್ದಲ್ಲಿ ಮಾತಿನ ಒಂಬತ್ತನೇ ಸಾಲಿನಲ್ಲಿ ಇಲಾಖೆಯ ಮೀಟರುಗಳ ಪ್ರಸ್ತಾಪ ಯಾಕೆ ಎಂದು ಮೂರನೆಯದು. ನಾಲ್ಕನೆಯದು ಸೀದಾ ಕುತ್ತಿಗೆಗೆ: ನಲವತ್ತೆರಡು ಮೀಟರುಗಳನ್ನು ಯಾರ ಲಿಖಿತ ಆದೇಶದ ಮೇಲೆ ಹೊರಗೆ ಒಯ್ದಿರಿ, ವಿವರಣೆ ಕೊಡಿ.

ಇದನ್ನು ಬರೆದ ಹೆಡ್‌ಕ್ಲರ್ಕ್ ಭಾವನ ಮನೆಯಲ್ಲಿ ಎಷ್ಟೋ ಯುಗಾದಿಗೆ ಒಬ್ಬಟ್ಟು ತಿಂದಿದ್ದ. ಭಾವ ಪಟ್ಟಿ ಹಿಡಿದುಕೊಂಡು ಅವನ ಮೇಜಿನ ಮುಂದೆ ನಿಂತರು. ‘ಭೈಸಾಬ್, ವಾಪಸು ಕೊಟ್ಟಿದ್ದಕ್ಕೆ ಸಹಿ ಇದೆ.’

‘ವಾಪಸು ಕೊಟ್ಟಿದ್ದಕ್ಕೆ ಇದೆ. ತೊಗೊಂಡಿದ್ದಕ್ಕೆ?’

‘ಬಾಯಲ್ಲಿ ಹೇಳಿದ್ರು.’

‘ಆ ಬಾಯಿ ಈಗ ಎಲ್ಲಿದೆ?’

ಸ್ಟೋರ್‌ಕೀಪರ್ ಸತ್ತು ಹನ್ನೆರಡು ವರ್ಷ. ‘ಮೀಟರಿನ ವಿಷಯ ನೀವೇ ಬರೆಯದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಲಕ್ಷ್ಮೀಭಾಯಿ’ ಎಂದು ಹೆಡ್‌ಕ್ಲರ್ಕ್ ನಿಜವಾದ ಕನಿಕರದಿಂದ ಹೇಳಿ, ಪಟ್ಟಿಯ ನಕಲನ್ನು ಕಡತಕ್ಕೆ ಸೇರಿಸಿದನಂತೆ. ಕನಿಕರ ಪಡುತ್ತಲೇ ಸೇರಿಸಿದ. ಇಂಥವರ ಮೇಲೆ ಹೇಗೆ ಸಿಟ್ಟು ಮಾಡಬೇಕೆಂಬುದೇ ತಿಳಿಯದೆ ನಮ್ಮ ಅರ್ಧ ಆಯಸ್ಸು ಹೋಗುತ್ತದೆ.

ಸೆಪ್ಟೆಂಬರ್ ಇಪ್ಪತ್ತೆಂಟು, ಭಾನುವಾರ. ನಮಿತಾ ಕ್ಯಾಮೆರಾದ ಸಂತೋಷ್‌ನನ್ನು ಕರೆದುಕೊಂಡು ಬಂದಳು. ಎರಡು ದಿನದಲ್ಲಿ ಒಪ್ಪಿಸಬೇಕು. ನಾನೂ ಬೆಳಗಿನ ಗಾಡಿಗೆ ಹೊರಟು ಬಂದಿದ್ದೆ. ಭಾವ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡಿದ್ದರು. ಅಷ್ಟು ಆಸೆ ಅವರಿಗೆ. ಆದರೆ ಕುರ್ಚಿಯಲ್ಲಿ ಕೂರಲಿಲ್ಲ.

‘ಅಂಕಲ್, ಪ್ಲೀಸ್. ಐದೇ ಮಿನಿಟ್.’

‘ಆಗಲ್ಲಮ್ಮ. ಕಾಗದ ಬಂದಿಲ್ಲ.’

‘ಕಾಗದ ಯಾಕೆ? ಕಥೆ ನಿಮ್ದೇ ಅಲ್ವಾ?’

‘ಕಥೆ ನನ್ನದೇ. ಬಾಯಿ ಡಿಸೆಂಬರ್ ಮೂವತ್ತೊಂದರವರೆಗೆ ಸರ್ಕಾರದ್ದು.’

‘ಸಾರಿಗೆ ಉಪ್ಪಿಲ್ಲ ಅಂತ ದಿನಾ ಕೂಗೋ ಬಾಯಿ ಯಾರದ್ರೀ?’ ಎಂದಳು ಸುಲೋಚನಕ್ಕ ಅಡುಗೆಮನೆಯಿಂದ. ಸೆರಗಿಗೆ ಕೈ ಒರೆಸುತ್ತ ಬಂದವಳೇ ಕುರ್ಚಿಯಲ್ಲಿ ಕೂತಳು. ‘ನಾನು ಹೇಳ್ತೀನಿ ಕಣಮ್ಮ. ನಾನೇನು ಗೌರ್ಮೆಂಟ್ ನೌಕರಳಾ? ತಿರುಗಿಸಪ್ಪ ನಿನ್ನ ಮಿಷನ್ನು.’

ಭಾವ ಕ್ಯಾಮೆರಾದ ಹಿಂದೆ ಗೋಡೆಗೆ ಅಂಟಿ ನಿಂತರು. ಅಕ್ಕ ಕನ್ನಡದಲ್ಲೇ ಹೇಳಿದಳು, ನಡುನಡುವೆ ಗುಜರಾತಿ. ಶೆಡ್ಡು, ಕಾವು, ಬಿಸ್ಕತ್ತಿನ ಡಬ್ಬಿ, ಹೆಬ್ಬೆರಳಿನ ದಾರ. ‘ಒಟ್ಟು ನಲವತ್ತು ಮೀಟರು’ ಎಂದಳು. ಭಾವ ಗೋಡೆಯ ಬಳಿಯಿಂದಲೇ ಎರಡು ಬೆರಳೆತ್ತಿದರು.

‘ಏನ್ರೀ ಎರಡು? ಓ, ನಲವತ್ತೆರಡಂತೆ. ಬೆರಳು ಎತ್ತೋಕೆ ಪರ್ಮಿಷನ್ ಇದೆಯಾ ನಿಮಗೆ?’

ಸಂತೋಷ್ ನಗು ತಡೆಯಲಾರದೆ ಕ್ಯಾಮೆರಾ ಅಲುಗಿಸಿದ. ಭಾವನೂ ನಕ್ಕರು. ಅವರು ಹೇಳಬೇಕಾದದ್ದನ್ನು ಬೇರೆ ಬಾಯಿ ಹೇಳುತ್ತಿತ್ತು, ಅದೂ ಸ್ವಲ್ಪ ತಪ್ಪುತಪ್ಪಾಗಿ, ಆದರೂ ಹೊರಗೆ ಬರುತ್ತಿತ್ತಲ್ಲ.

ಆಮೇಲೆ ಅಕ್ಕ ಹೇಳಿದಳು: ‘ಅಡುಗೆಗೆ ಅಂತ ನಾನೂ ಜೊತೆಗೆ ಹೋಗಿದ್ದೆ. ಎಂಟನೇ ದಿನ ಇವರಿಗೆ ಜ್ವರ ಬಂತು. ಮೈ ಕೆಂಡ. ಶೂಟಿಂಗ್ ನಿಲ್ಲಿಸೋ ಹಾಗಿಲ್ಲ. ಎರಡು ದಿನ ನಾನೇ ಕೆಳಗೆ ಮಲಗಿ ತಿರುಗಿಸಿದೆ. ಆ ಹಾರೋ ದೃಶ್ಯ ಇದೆಯಲ್ಲ, ಅದು ನನ್ನ ಕೈಯೇ. ದಾರ ಎಳೆದೂ ಎಳೆದೂ ಪಕ್ಕದ ಬೆರಳಿನ ಕಾಲುಂಗುರ ಕಚ್ಚಿ ರಕ್ತ ಬಂತು.’

ನಮಿತಾ ತನ್ನ ಪುಸ್ತಕ ತಿರುವಿದಳು. ‘ಅಂಕಲ್, ಇದು ನೀವು ಹೇಳಿಲ್ಲ.’

ಭಾವ ಬಾಯಿ ಬಿಡುವ ಹಾಗಿರಲಿಲ್ಲ, ಅದು ಅವರಿಗೆ ಅನುಕೂಲವೂ ಆಯಿತು. ಇದನ್ನು ಬರೆಯದೆ ಬಿಟ್ಟರೆ ನಾನೂ ಆ ಹೆಡ್‌ಕ್ಲರ್ಕನ ಜಾತಿಗೆ ಸೇರುತ್ತೇನೆ. ಇಪ್ಪತ್ನಾಲ್ಕು ವರ್ಷ ಆ ಕಥೆಯನ್ನು ನನಗೇ ಹತ್ತಾರು ಸಲ ಹೇಳಿದ್ದಾರೆ. ಒಮ್ಮೆಯೂ ಅಕ್ಕನ ಹೆಸರು ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ. ತನ್ನ ಹೆಸರು ಪರದೆಯ ಮೇಲೆ ಇಲ್ಲ ಎಂದು ಕೊರಗುವ ಮನುಷ್ಯ, ತನ್ನ ಮನೆಯೊಳಗೆ ಅದೇ ಕೆಲಸ ಮಾಡಿದ್ದ. ಪೆನ್ಸಿಲಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು, ಇದರಲ್ಲಿ ಇಷ್ಟು ಧಾರಾಳ.

ನವೆಂಬರಿನಲ್ಲಿ ಸಂಜೆ ಏಳೂವರೆಗೆ ಕಾರ್ಯಕ್ರಮ ಬಂತು. ರಸಿಕ್‌ಲಾಲ್‌ನ ಅಣ್ಣನ ಮಗ ಬಂದು, ಕ್ಯಾಬಿನ್ ಪೂರ್ತಿ ಕಾಕಾನ ಕೈಕೆಲಸ ಎಂದ. ಮೀಟರಿನ ಮುಳ್ಳುಗಳು ಕ್ಯಾಮೆರಾದ ಚಮತ್ಕಾರದಿಂದ ಆಡಿದವು ಎಂದು ಹಿಂದಿಯ ಒಂದು ಗಂಭೀರ ದನಿ ಹೇಳಿತು. ಆ ದನಿಯ ಅಡಿಯಲ್ಲಿ ಸುಲೋಚನಕ್ಕ ಕಾಣಿಸಿದಳು, ಹನ್ನೊಂದು ಸೆಕೆಂಡು. ಬಾಯಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ. ಎದೆಯ ಮಟ್ಟದಲ್ಲಿ ಅಕ್ಷರ ಬಂತು: ಸ್ಥಾನಿಕ ಮಹಿಳೆ.

ಇಪ್ಪತ್ತಾರು ವರ್ಷ ಪಕ್ಕದ ಮನೆಯವರಿಂದ ‘ಮದ್ರಾಸಿ ಬೆನ್’, ಅಂದರೆ ಮದ್ರಾಸಿ ಅಕ್ಕ, ಎನಿಸಿಕೊಂಡವಳು ಆ ಸಂಜೆ ಮೊದಲ ಸಲ ಸ್ಥಳೀಯಳಾದಳು. ಅದೂ ಹೆಸರಿಲ್ಲದೆ.

ನಮಿತಾ ಫೋನ್ ಮಾಡಿ ಅತ್ತಳು. ಕನ್ನಡ ಯಾರಿಗೂ ತಿಳಿಯುವುದಿಲ್ಲ ಎಂದು ಮೇಲಿನವರು ಮಾತು ತೆಗೆದರಂತೆ. ಕೆಳಗೆ ಹಿಂದಿಯಲ್ಲಿ ಬರೆದು ತೋರಿಸಿ ಎಂದರೆ ಸಮಯವಿಲ್ಲ ಎಂದರಂತೆ. ಮುಂದಿನ ತಿಂಗಳು ಅವಳು ಕೆಲಸ ಬಿಟ್ಟಳು.

ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ಇಲಾಖೆಯಿಂದ ಕೊನೆಯ ಕಾಗದ ಬಂತು. ಅರ್ಜಿದಾರರು ಈ ತಿಂಗಳ ಕೊನೆಗೆ ನಿವೃತ್ತರಾಗುವುದರಿಂದ ಅನುಮತಿಯ ಅಗತ್ಯ ಕಂಡುಬರುವುದಿಲ್ಲ. ಕಡತ ಮುಕ್ತಾಯ.

ಅಕ್ಕ ಅದನ್ನು ಓದಿಸಿಕೊಂಡು, ‘ಹಾಗಾದ್ರೆ ಬಾಯಿ ವಾಪಸು ಬಂತಾ? ಪಟ್ಟಿ ಮಾಡಿ ಸಹಿ ಹಾಕಿಸ್ಕೊಂಡ್ರಾ?’ ಎಂದಳು.

ಜನವರಿ ಎರಡನೇ ವಾರ ಭಾವನನ್ನು ಬಲವಂತ ಮಾಡಿ ಅಹಮದಾಬಾದಿಗೆ ಕರೆದುಕೊಂಡು ಹೋದೆ. ಕಾರ್ಯಕ್ರಮವನ್ನು ಮತ್ತೆ ಪ್ರಸಾರ ಮಾಡುವಾಗಲಾದರೂ ತಿದ್ದಬಹುದು ಎಂಬ ಆಸೆ. ಚಾನೆಲ್ಲಿನ ಕಚೇರಿಯಲ್ಲಿ ಮನೋಜ್ ಎಂಬ ಯುವಕ ಒಳ್ಳೆಯ ಮಾತಿನಿಂದಲೇ ಕೂರಿಸಿ ಚಹಾ ತರಿಸಿದ.

‘ನಮ್ಮ ಅಕ್ಕ ಹೇಳಿದ ಪೂರ್ತಿ ಟೇಪು?’ ಎಂದು ನಾನು ಹಿಂದಿಯಲ್ಲಿ ಕೇಳಿದೆ.

‘ಅದರ ಮೇಲೆ ಮಕ್ಕಳ ಕ್ವಿಜ್ ರೆಕಾರ್ಡ್ ಮಾಡಿದ್ವಿ ಅಂಕಲ್. ಟೇಪು ತುಂಬ ದುಬಾರಿ, ಹಳೇದನ್ನೇ ಮತ್ತೆ ಬಳಸ್ತೀವಿ.’ ಅವನಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. ‘ಆದ್ರೆ ತೊಂದರೆ ಇಲ್ಲ. ಒಂದು ಅರ್ಜಿ ಬರೆದು ಕೊಡಿ. ಮರುಪ್ರಸಾರ ಇದ್ರೆ ನೋಡೋಣ.’

ಬಿಳಿ ಹಾಳೆಯನ್ನೂ ಪೆನ್ನನ್ನೂ ಭಾವನ ಮುಂದೆ ಇಟ್ಟ. ಈ ಮನುಷ್ಯ ಈಗ ಪೆನ್ನು ತೆಗೆದುಕೊಳ್ಳುತ್ತಾನೆ, ಮೂರು ಪ್ರತಿ ಬೇಕೇ ಎಂದೂ ಕೇಳುತ್ತಾನೆ ಎಂದುಕೊಂಡೆ.

ಭಾವ ಹಾಳೆಯನ್ನು ಮನೋಜನ ಕಡೆಗೆ ತಳ್ಳಿದರು.

‘ನಾನು ಬರೆಯಲ್ಲ. ನೀವು ಬರ್ಕೊಳ್ಳಿ, ನಾನು ಹೇಳ್ತೀನಿ’ ಎಂದರು ತಮ್ಮ ಹರಕುಮುರುಕು ಹಿಂದಿಯಲ್ಲಿ. ದನಿ ಎಷ್ಟು ದೊಡ್ಡದಿತ್ತೆಂದರೆ ಆಚೆ ಮೇಜಿನ ಹುಡುಗಿ ತಿರುಗಿ ನೋಡಿದಳು. ‘ಹೆಸರು ಲಕ್ಷ್ಮೀನಾರಾಯಣ. ಮೀಟರ್ ಮೆಕ್ಯಾನಿಕ್. ಕ್ಯಾಬಿನ್ ನಾನು ಮಾಡಿದೆ. ಮುಳ್ಳು ಆಡಿದ್ದು ಕ್ಯಾಮೆರಾದಿಂದ ಅಲ್ಲ, ಡಬ್ಬಿಯಿಂದ. ಮೀಟರು ನಲವತ್ತೆರಡು.’

ಮನೋಜ್ ಅರ್ಧ ಪುಟ ಬರೆದ. ಮರ್ಯಾದಸ್ಥ ಹುಡುಗ. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. ‘ಏಕ್ ಮಿನಿಟ್’ ಎಂದು ಎದ್ದು ಹೋದ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಬರಲಿಲ್ಲ. ಭಾವ ಖಾಲಿ ಕುರ್ಚಿಯನ್ನೇ ನೋಡುತ್ತ ಹೇಳುತ್ತಲೇ ಇದ್ದರು. ಬ್ಯಾಟರಿ ಎಷ್ಟು, ಹಿತ್ತಾಳೆ ಪಟ್ಟಿಯ ಅಗಲ ಎಷ್ಟು, ಮಗ್ಗ ಯಾವಾಗ ಓಡುತ್ತಿತ್ತು. ನಾನು ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡು, ಅವನು ಬಿಟ್ಟ ಸಾಲಿನ ಕೆಳಗಿನಿಂದ ಕನ್ನಡದಲ್ಲಿ ಬರೆಯತೊಡಗಿದೆ.

ಒಂದು ಕಡೆ ಭಾವ ನಿಂತರು. ಕನ್ನಡಕ ತೆಗೆದು ಶರ್ಟಿನ ಅಂಚಿಗೆ ಒರೆಸಿದರು.

‘ಜ್ವರ ಬಂದಾಗ ಹೆಂಡತಿ ತಿರುಗಿಸಿದಳು. ಅದನ್ನೂ ಬರಿ’ ಎಂದರು. ‘ಹೆಸರು ಹಾಕು. ಸುಲೋಚನಾ.’

‘ಎರಡು ದಿನ’ ಎಂದೆ.

‘ಒಂದೂವರೆ ದಿನ ಕಣಯ್ಯ. ಎರಡನೇ ದಿನ ಮಧ್ಯಾಹ್ನದ ಮೇಲೆ ನಾನೇ ಎದ್ದು ಬಂದೆ.’

ನಾನು ಎರಡು ಎಂದೇ ಬರೆದೆ.